ಬಸರಿಹಳ್ಳದ ಹೆಸರಿಲ್ಲದ ಮೀನು

ಆವತ್ತು ಬೆಳಿಗ್ಗೆಯೂ ನಾನು ಎಂದಿನಂತೆಯೇ ಎದ್ದೆ. ಬಚ್ಚಲೊಲೆಗೆ ಒಣಗಿದ ಕಾಫಿ ರೆಂಬೆ ತುರುಕಿ ಉರಿ ಮಾಡಿದೆ. ಹಾಲು ಕಾಯಲಿಟ್ಟು ಅಕ್ಕಿರೊಟ್ಟಿಗೆ ಹಿಟ್ಟು ಕಲೆಸಿದೆ. ಇವರು ಸ್ನಾನ ಮುಗಿಸಿ ವಿಭೂತಿ ಹಚ್ಚಿ ಪೂಜೆಗೆ ಕೂತರು. ಒಳಗಿನಿಂದ ಗಂಟೆಯ ಸದ್ದು ಕೇಳುವಷ್ಟರಲ್ಲಿ ನಾನು ಬುತ್ತಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿದ್ದೆ. ಆಮೇಲೆ ಕೈ ತೊಳೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಿತ್ತಲ ಬಾಗಿಲ ಹತ್ತಿರ ಕೂತು ಸತ್ತ ಮೀನು ಕೆಡದಂತೆ ಇಡುವ ಔಷಧ, ಫಾರ್ಮಲಿನ್, ಕ್ಯಾನಿನಿಂದ ಬಾಟಲಿಗೆ ಬಗ್ಗಿಸಿದೆ. ಆ ಆಲಿಕೆಗೆ ಒಂದು ಹಳೆಯ ರಿಬ್ಬನ್ ಕಟ್ಟಿಟ್ಟಿದ್ದೆ, ಅಡುಗೆಮನೆಯ ಆಲಿಕೆಯ ಜೊತೆ ಬೆರೆಯಬಾರದೆಂದು. ಬುತ್ತಿ ಒಂದು ಚೀಲಕ್ಕೆ, ಫಾರ್ಮಲಿನ್ ಇನ್ನೊಂದು ಚೀಲಕ್ಕೆ. ಹಳೆಯ ಸೊಳ್ಳೆಪರದೆ ಕತ್ತರಿಸಿ ನಾನೇ ಹೊಲಿದ ಕೈಬಲೆ, ಗಾಜಿನ ಬಾಟಲಿಗಳು, ಕೊನೆಯದಾಗಿ ನನ್ನ ಕಸೂತಿ ದಾರದ ತಗಡಿನ ಪೆಟ್ಟಿಗೆ.

ಬಾಗಿಲಿಗೆ ಬೀಗ ಹಾಕುವ ಮೊದಲು ಹಿತ್ತಲಿಗೊಮ್ಮೆ ಹೋಗಿ ಬಂದೆ. ನಮಗೂ ಪಕ್ಕದ ಮನೆಯ ಸುಶೀಲಾಗೂ ಸೇರಿ ಒಂದೇ ಹಿತ್ತಲು, ಒಂದೇ ಒಗೆಯುವ ಕಲ್ಲು. ಆ ಕಲ್ಲಿನ ಮೇಲೆ ಒಂದು ಕಂದು ಬೆಕ್ಕು ಕೂತು ಏನನ್ನೋ ನೆಕ್ಕುತ್ತಿತ್ತು. ಓಡಿಸಿದೆ. ಕಲ್ಲಿನ ಸಂದಿಯಲ್ಲಿ ಒಲೆಬೂದಿಯ ಜೊತೆ ಎರಡು ಮೂರು ಮೀನಿನ ಹುರುಪೆ ಬಿಸಿಲಿಗೆ ಮಿನುಗುತ್ತಿದ್ದವು. ಹಿಂದಿನ ಸಂಜೆ ಸುಶೀಲಾ ನಮ್ಮ ಕಡೆಯ ಕಿಟಕಿ ಮುಚ್ಚಿದ್ದು ನೆನಪಾಯಿತು. ಅವಳ ಮನೆಯಲ್ಲಿ ಮೀನು ಬೇಯುವ ದಿನ ಆ ಕಿಟಕಿ ಮುಚ್ಚಿರುತ್ತದೆ. ನಾವು ಲಿಂಗ ಕಟ್ಟಿದವರು, ನಮಗೆ ವಾಸನೆ ತಾಗಬಾರದು ಎಂಬ ಮರ್ಯಾದೆ ಅದು. ನಾನು ಕೇಳಿದ್ದಲ್ಲ, ಅವಳಾಗಿಯೇ ಮಾಡಿಕೊಂಡದ್ದು. ಒಂದು ತಂಬಿಗೆ ನೀರು ಸುರಿದು ಕಲ್ಲು ತೊಳೆದೆ. ಹೊರಗಿನಿಂದ ಇವರು ಕೂಗಿದರು, "ಬಸ್ಸು ಹೋಗುತ್ತೆ ಕಣೇ, ಬಾ."

ಅದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಮೊನ್ನೆ ಮಗಳ ಹೊಸ ಮನೆಗೆ ಹೋಗಿದ್ದೆವು. ಬಡಗಿ ಆಗಷ್ಟೇ ಮುಗಿಸಿದ್ದ ಪ್ಲೈವುಡ್ ಬೀರುವಿನ ಬಾಗಿಲನ್ನು ಅವಳು ಸಂಭ್ರಮದಿಂದ ತೆರೆದಳು. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ವಾಸನೆ. ಹಲಗೆಯ ಅಂಟಿನಲ್ಲಿ ಅದೇ ಔಷಧ ಇರುತ್ತದಂತೆ. ಮಗಳು, "ಏನಮ್ಮಾ, ಅಳ್ತಿದ್ದೀಯಾ?" ಎಂದು ನಕ್ಕಳು. ತಿರುಗಿ ನೋಡಿದರೆ ಇವರು ಕೋಣೆಯಲ್ಲಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದರು, ಹೊರಡಲು ತಯಾರಾದವರಂತೆ. ನಾವು ಆ ವರ್ಷದ ಬಗ್ಗೆ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಸಕಲೇಶಪುರದಲ್ಲಿದ್ದೆವು. ಇವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದರು. ಮಗಳು ಹಾಸನದಲ್ಲಿ ನನ್ನ ತವರಿನಲ್ಲಿದ್ದುಕೊಂಡು ನಾನು ಓದಿದ ಕಾನ್ವೆಂಟಿಗೇ ಹೋಗುತ್ತಿದ್ದಳು. ರಜೆ ಬಂದರೆ ಸಾಕು, ಇವರು ಪ್ಯಾಂಟು ಮಡಚಿ ಯಾವುದಾದರೂ ಹಳ್ಳಕ್ಕಿಳಿಯುತ್ತಿದ್ದರು. ಹೇಮಾವತಿಯ ಮೀನು, ಆಲೂರಿನ ಕಡೆಯ ಕೆರೆಯ ಮೀನು, ಘಾಟಿಯಿಂದ ಪಡುವಣಕ್ಕೆ ಇಳಿಯುವ ತೊರೆಗಳ ಮೀನು, ಎಲ್ಲವನ್ನೂ ಎಣಿಸುತ್ತಿದ್ದರು. ಮೀನನ್ನು ಗುರುತು ಹಿಡಿಯುವುದೆಂದರೆ ಎಣಿಸುವುದು ಎಂದು ನನಗೆ ಗೊತ್ತಾದದ್ದೇ ಮದುವೆಯಾದ ಮೇಲೆ. ತಲೆಯಿಂದ ಬಾಲದವರೆಗೆ ಪಕ್ಕದಲ್ಲಿ ಒಂದು ಸಣ್ಣ ಗೆರೆ ಓಡುತ್ತದೆ. ಆ ಗೆರೆಯ ಮೇಲೆ ಎಷ್ಟು ಹುರುಪೆ, ಬೆನ್ನಿನ ರೆಕ್ಕೆಯಲ್ಲಿ ಎಷ್ಟು ಕಡ್ಡಿ, ಬಾಯಿಯ ಪಕ್ಕ ಮೀಸೆ ಎಷ್ಟು ಜೊತೆ. ಊರವರು ಇವರನ್ನು ಮೀನ್ ಮೇಷ್ಟ್ರು ಎನ್ನುತ್ತಿದ್ದರು. ವಿಭೂತಿ ಹಣೆಯ ಮೀನ್ ಮೇಷ್ಟ್ರು ಎಂದು ಸೇರಿಸಿ ನಗುವವರೂ ಇದ್ದರು.

ಇವರಿಗೆ ಒಂದು ಕೊರತೆಯಿತ್ತು. ಕೆಂಪು, ಹಸಿರುಗಳ ಭೇದ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದು. ಮದುವೆಯ ಹೊಸದರಲ್ಲಿ ನನ್ನ ಕೆಂಪು ಸೀರೆಯನ್ನು "ಆ ಎಲೆಬಣ್ಣದ ಸೀರೆ" ಎಂದಾಗಲೇ ನನಗೆ ತಿಳಿದದ್ದು. ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಏನೋ, ಬಣ್ಣ ನಂಬದೆ ಎಣಿಕೆಯನ್ನೇ ನಂಬಿದವರು.

ಆ ವರ್ಷ ದಸರಾ ಕಳೆದು ಮಳೆ ಹಿಂದೆ ಸರಿದ ಮೇಲೆ ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಹೆಗ್ಗದ್ದೆಯಿಂದ ಆಚೆ ಕಾಡಿನೊಳಗೆ ಬಸರಿಹಳ್ಳ ಎಂಬ ತೊರೆ. ಆಳೆತ್ತರದಿಂದ ನೀರು ಧುಮುಕುವ ಒಂದು ಅಬ್ಬಿ, ಅದರ ಕೆಳಗೆ ಗುಂಡುಕಲ್ಲುಗಳ ನಡುವೆ ತಿಳಿನೀರಿನ ಮಡುಗಳು. ಇವರು ಬಲೆಯೆತ್ತಿ ಬೆರಳುದ್ದದ ಮೀನುಗಳನ್ನು ಬಾಟಲಿಗೆ ಬಿಟ್ಟು, "ಇದು ಮಾಮೂಲಿ ಪಕ್ಕೆ ಮೀನು ಕಣೇ, ಎಲ್ಲಾ ಕಡೆ ಸಿಗುತ್ತೆ. ಇಲ್ಲಿಂದ ಎಷ್ಟೋ ಸಲ ಹಿಡಿದಿದ್ದೀನಿ" ಎಂದು ನನ್ನ ಕೈಗೆ ಕೊಟ್ಟರು. ನಾನು ಬಾಟಲಿಯನ್ನು ಬಿಸಿಲಿಗೆ ಹಿಡಿದೆ.

"ರೀ, ಇದಕ್ಕೆ ಯಾರೋ ಕನಕಾಂಬರ ಮುಡಿಸಿದ್ದಾರಲ್ರೀ."

ಬೆನ್ನಿನ ರೆಕ್ಕೆಯ ತುದಿಗೆ ಅಚ್ಚ ಕನಕಾಂಬರದ ಬಣ್ಣ. ಕಿವಿರಿನ ಹಿಂದೆ ಹಸಿರಿಗೆ ತಿರುಗುವ ನವಿಲುಗತ್ತಿನ ನೀಲಿಯ ಒಂದು ಮಿಂಚು. ಬಾಲದ ಬುಡದಲ್ಲಿ ಉಂಗುರ ಬೆರಳಿನಿಂದ ಇಟ್ಟ ಹಾಗೆ ಕುಂಕುಮದ ಬೊಟ್ಟು. ಇವರು ಅದನ್ನು ಬೂದುಬಣ್ಣದ ಮೀನೆಂದೇ ಅಷ್ಟು ವರ್ಷ ನೋಡಿದ್ದರು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಕಾಣಲಿಲ್ಲ. "ಎಲ್ಲಿ? ಬೆರಳಿಟ್ಟು ತೋರಿಸು" ಎಂದರು. ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. 

ಆಮೇಲೆ ಎಣಿಸಿದರು. ಗೆರೆಯ ಮೇಲೆ ಒಂದು ಹುರುಪೆ ಕಡಿಮೆ. ಮೊದಲಿನ ಮೀನುಗಳಲ್ಲೂ ಹಾಗೇ ಇತ್ತಂತೆ; ಒಂದೆರಡು ಹೆಚ್ಚು ಕಡಿಮೆ ಇರುವುದು ವಾಡಿಕೆ ಎಂದು ಬಿಟ್ಟಿದ್ದರು. ಈಗ ಹುರುಪೆಯೂ ಬಣ್ಣವೂ ಸೇರಿ ಬೇರೆಯೇ ಮೀನೆಂದು ಹೇಳುತ್ತಿದ್ದವು. ಅದುವರೆಗೆ ಯಾರೂ ಹೆಸರಿಡದ ಮೀನು.

ಮೀನಿನ ಬಣ್ಣ ಸತ್ತ ಮೇಲೆ ನಿಲ್ಲುವುದಿಲ್ಲ. ಫಾರ್ಮಲಿನ್ನಿಗೆ ಬಿದ್ದ ಕೂಡಲೇ ಮೊದಲು ನೀಲಿ ಹೋಗುತ್ತದೆ, ಆಮೇಲೆ ಕನಕಾಂಬರ ಮಾಸುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ನೆನೆದ ಅಕ್ಕಿಯ ಬಿಳುಪು. ಹಾಗಾಗಿ ಜೀವವಿರುವಾಗಲೇ ಬಣ್ಣ ಗುರುತಿಸಿಕೊಳ್ಳಬೇಕು. ಆದರೆ ಕೆಂಪೆಂದು ಬರೆದರೆ ಯಾವ ಕೆಂಪು? ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಹೂವನ್ನು ಬಟ್ಟೆಯ ಪಕ್ಕ ಇಟ್ಟು ದಾರ ಆರಿಸಲು ಹೇಳುತ್ತಿದ್ದರು; ಬಣ್ಣದ ಹೆಸರು ಹೇಳಿದರೆ ಬೈಯುತ್ತಿದ್ದರು. ನಾನು ಹಾಗೆಯೇ ಮಾಡಿದೆ. ಮೀನು ಬಾಟಲಿಯಲ್ಲಿ ಈಜುತ್ತಿರುವಾಗ ದಾರದ ಎಳೆಗಳನ್ನು ಗಾಜಿಗೆ ಒತ್ತಿ ಹಿಡಿದು, ಒಪ್ಪುವ ಎಳೆ ಸಿಕ್ಕಾಗ ಕತ್ತರಿಸಿ ಬಾಟಲಿಯ ಕೊರಳಿಗೆ ಕಟ್ಟಿದೆ. ಕನಕಾಂಬರ, ನವಿಲುಗತ್ತು, ಕುಂಕುಮ. ಕುಂಕುಮಕ್ಕೆ ನನ್ನ ಒಳ್ಳೆಯ ದಾರಗಳಲ್ಲಿ ಯಾವುದೂ ಹೊಂದಲಿಲ್ಲ. ಸಂತೆಯಲ್ಲಿ ಕೊಂಡ ಒಂದು ಉಂಡೆಯ ದಾರವೇ ಹೊಂದಿತು.

ಮನೆಯಲ್ಲಿ ಹಿತ್ತಲ ಕಿಟಕಿಯ ಬಳಿ ಕೂತು ನಾನು ಆ ಮೀನುಗಳ ರೆಕ್ಕೆಗಳನ್ನು ಹೊಲಿಗೆಯ ಗುಂಡುಪಿನ್ನುಗಳಿಂದ ಬಿಡಿಸಿ ಸಿಕ್ಕಿಸುತ್ತಿದ್ದೆ. ಮೊದಲ ಸಲ ಮೀನು ಮುಟ್ಟಿದ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಆಮೇಲೆ ರೂಢಿಯಾಯಿತು. ಒಂದು ದಿನ ಸುಶೀಲಾ ಕಿಟಕಿಯಲ್ಲಿ ಇಣುಕಿದಳು. ಅವಳ ಗಂಡ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವಳದು ಮಾತು ಜಾಸ್ತಿ, ಮನಸ್ಸು ಶುದ್ಧ.

"ಅಯ್ಯಯ್ಯೋ ವಿಮಲಕ್ಕ! ನೀವೂ ಮೀನ್ ಮುಟ್ಬುಟ್ರಾ?"

"ತಿನ್ನೋಕಲ್ಲ ಕಣೇ. ಎಣಿಸೋಕೆ."

"ಎಣಿಸಿ ಏನ್ ಮಾಡ್ತೀರಿ?"

"ಹೆಸರಿಡ್ತೀವಿ."

"ಮೀನಿಗೂ ನಾಮಕರಣನಾ! ಹೇಳಿ ಮತ್ತೆ, ನಮ್ಮನೇಲಿ ಹಳೇ ತೊಟ್ಲು ಐತೆ, ತಂದ್ಕೊಡ್ತೀನಿ." ಬಾಟಲಿಯ ಕಡೆ ನೋಡಿ ಮೂಗು ಮುರಿದಳು. "ಇದೇನ್ ಮೀನೋ, ಹೆಣದಂಗೆ ಬಿಳಚ್ಕಂಡೈತೆ."

ಎಲ್ಲಿ ಹಿಡಿದದ್ದು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಬಸರಿಹಳ್ಳದ ಹೆಸರನ್ನು ಯಾರೆದುರಿಗೂ ಎತ್ತಬೇಡ ಎಂದು ಇವರು ಹೇಳಿದ್ದರು. ಮೇಷ್ಟ್ರಿಗೆ ಅಪರೂಪದ ಮೀನು ಸಿಕ್ಕಿದೆಯೆಂದು ಸುದ್ದಿಯಾದರೆ ಊರೆಲ್ಲ ಬಲೆ ಹಿಡಿದು ಹೋಗುತ್ತದೆ ಎಂಬ ಭಯ ಅವರಿಗೆ.

ನವೆಂಬರಿನಲ್ಲಿ ಒಂದು ಸಂಜೆ ಇವರು ಕಾಲೇಜಿನಿಂದ ಬಂದವರು ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತರು. ಬಸರಿಹಳ್ಳಕ್ಕೆ ಅಡ್ಡಗಟ್ಟೆ ಕಟ್ಟುತ್ತಾರಂತೆ. ಅಬ್ಬಿಯ ಮೇಲೆ ನೀರು ತಡೆದು ದೊಡ್ಡ ಪೈಪಿನಲ್ಲಿ ಗುಡ್ಡದ ಬುಡಕ್ಕಿಳಿಸಿ ಕರೆಂಟು ತೆಗೆಯುತ್ತಾರಂತೆ. ಅಬ್ಬಿಯ ಕೆಳಗಿನ ಮಡುಗಳಿಗೆ ಬೇಸಿಗೆಯಲ್ಲಿ ನೀರೇ ಬರುವುದಿಲ್ಲ. ನಮ್ಮ ಮೀನಿದ್ದದ್ದು ಅಲ್ಲಿ ಮಾತ್ರ. ಮೇಲೆ ಕೆಳಗೆ ಎಲ್ಲ ಕಡೆ ಇವರು ಬಲೆ ಹಾಕಿ ನೋಡಿಯಾಗಿತ್ತು.

ಮರುದಿನ ಆ ಕೆಲಸದ ಆಫೀಸರನ್ನು ಕಾಣಲು ಹೋದರು. ನಾನು ಆಫೀಸಿನ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಆಫೀಸರು ಒರಟರಲ್ಲ. ಚಹಾ ತರಿಸಿದರು. ಎಲ್ಲ ಕೇಳಿಸಿಕೊಂಡು, "ಸರಿ ಮೇಷ್ಟ್ರೇ, ಆ ಮೀನಿನ ಹೆಸರು ಹೇಳಿ, ಮೇಲಿನವರಿಗೆ ಬರೀತೀನಿ" ಎಂದರು.

"ಹೆಸರು ಇನ್ನೂ ಇಲ್ಲ. ಅದು ಹೊಸದು."

"ಹೆಸರೇ ಇಲ್ದಿದ್ದಕ್ಕೆ ಅಷ್ಟು ದೊಡ್ಡ ಕೆಲಸ ಹೆಂಗ್ರೀ ನಿಲ್ಸೋದು? ಏನಂತ ಬರೀಲಿ? ಒಂದು ಮೀನು ಅಂತಲಾ?" ಎಂದು ನಕ್ಕರು. "ಬೇಗ ಒಂದು ಹೆಸರಿಡಿಸ್ಕೊಂಡು ಬನ್ನಿ. ಆಗ ನೋಡೋಣ."

ಇವರೂ ಜೊತೆಗೆ ನಕ್ಕರು. ಹೊರಗೆ ಬಂದ ಮೇಲೆ ಮಾತ್ರ ಗೊತ್ತಾಯಿತು, ಆ ನಗು ಮುಖದ ಮೇಲೆ ಹಾಗೇ ಒಣಗಿ ನಿಂತಿದೆ.

ಹೆಸರಿಡುವುದು ನಮ್ಮ ಕೈಯಲ್ಲಿರಲಿಲ್ಲ. ಅದಕ್ಕೊಬ್ಬರು ಮೀನುತಜ್ಞರು ಒಪ್ಪಬೇಕಿತ್ತು. ದೂರದ ಊರಿನ ದೊಡ್ಡ ಸಂಸ್ಥೆಯಲ್ಲಿದ್ದ ಅವರ ಜೊತೆ ಇವರು ಫೋನಿನಲ್ಲಿ ಮಾತಾಡಿದರು. ಮೀನು ಕಳಿಸಿ ಎಂದರು. ಬಾಟಲಿಗಳೆಲ್ಲ ಆಗ ಕಾಲೇಜಿನ ಲ್ಯಾಬಿನ ಬೀರುವಿನಲ್ಲಿದ್ದವು. ಇವರೇ ಕೂತು ಒಳ್ಳೆಯವನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಯಾಕ್ ಮಾಡಿ ಕಳಿಸಿದರು. ಆಮೇಲಿನ ದಿನಗಳಲ್ಲಿ ನಮ್ಮ ಮನೆಯ ಫೋನು ಹೊಡೆದುಕೊಂಡಾಗಲೆಲ್ಲ ಇವರು ಊಟದ ಎಂಜಲು ಕೈಯಲ್ಲೇ ಏಳುತ್ತಿದ್ದರು. ಹೊರಗೆ ಕಾಫಿ ಕುಯ್ಲು ಜೋರಾಗಿತ್ತು. ಕಣಗಳಲ್ಲಿ ಹಣ್ಣು ಒಣಗುವ ಹುಳಿವಾಸನೆ ಊರಿಗೆಲ್ಲ ಹರಡಿತ್ತು.

ಸಂಕ್ರಾಂತಿಯ ಎಳ್ಳು ಬೀರಲು ನಾನು ತಟ್ಟೆ ಜೋಡಿಸುತ್ತಿದ್ದಾಗ ಆ ಫೋನು ಬಂತು. ತಜ್ಞರ ದನಿ ದೊಡ್ಡದು. ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಏನ್ರೀ ಮೇಷ್ಟ್ರೇ, ಮೀನು ಕಳಿಸಿದ್ರೋ, ರೋಸ್ ಮಿಲ್ಕಲ್ಲಿ ಅದ್ದಿ ಕಳಿಸಿದ್ರೋ?"

ಇವರಿಗೆ ಅರ್ಥವಾಗಲಿಲ್ಲ. "ಸರ್?" ಎಂದರು.

"ಎಲ್ಲಾ ಗುಲಾಬಿ ರೀ! ಹುರುಪೆ, ರೆಕ್ಕೆ, ಎಲ್ಲಾ. ನೀವು ಬಣ್ಣದ ಮೇಲೆ ಹೊಸ ಮೀನು ಅಂತೀರಿ. ಬಣ್ಣ ಬಳಿದ ಮೀನು ಕಳಿಸ್ತೀರಿ. ನಾನು ಏನಂತ ನಂಬಲಿ?"

ಫೋನು ಇಟ್ಟವರೇ ಇವರು ಕಾಲೇಜಿಗೆ ಹೋದರು. ಬೀರುವಿನಲ್ಲಿ ಉಳಿದಿದ್ದ ಒಂದು ಬಾಟಲಿಯನ್ನು ಬ್ಯಾಗಿನಲ್ಲಿ ತಂದು, ನನ್ನೆದುರು ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲೇ ಇಟ್ಟರು.

"ಇದರ ಬಣ್ಣ ಏನು ಹೇಳೇ."

ನಾನು ನೋಡಿದೆ. ಬಾಟಲಿಯ ತಳದಲ್ಲಿ ಪೆನ್ಸಿಲಿನಲ್ಲಿ ಬರೆದ ಗುರುತಿನ ಚೀಟಿ, ಅದಕ್ಕೆ ಸುತ್ತಿದ ಮೂರು ದಾರಗಳು. ನಾನು ಕೊರಳಿಗೆ ಕಟ್ಟಿದ್ದ ದಾರಗಳನ್ನು ಇವರು ಬಿಚ್ಚಿ ಒಳಗೆ ಹಾಕಿದ್ದರು. ಗುರುತನ್ನು ಎಂದೂ ಹೊರಗೆ ಅಂಟಿಸಬಾರದು, ಮೀನಿನ ಜೊತೆ ಒಳಗೇ ಇರಬೇಕು ಎಂದು ಪ್ರತಿವರ್ಷ ಹುಡುಗರಿಗೆ ಪಾಠ ಮಾಡುವವರು ಅವರು. ಜಿರಳೆ ಬೇರೆ ದಾರ ಕಡಿಯುತ್ತಿತ್ತು. ಕುಂಕುಮದ ದಾರ ಈಗ ಬೆಳ್ಳಗಿತ್ತು. ಅದರ ಬಣ್ಣವನ್ನೆಲ್ಲ ಮೀನು ಕುಡಿದಿತ್ತು.

"ಹೇಳು, ವಿಮಲಾ."

"ಗುಲಾಬಿ" ಎಂದೆ.

ಅವರು ಅಳಲಿಲ್ಲ, ರೇಗಲೂ ಇಲ್ಲ. ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದಿಟ್ಟಿಸಿ ನೋಡಿದರೆ ಕಂಡೀತೇನೋ ಎಂಬಂತೆ. "ನನಗೆ ನೀರಿನ ಬಣ್ಣವೇ ಕಾಣುತ್ತೆ" ಎಂದರು. ನಾನು ಅವರ ಕೈಯಿಂದ ಬಾಟಲಿ ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ.

ಅಂದಿನಿಂದ ಅವರು ಸರಿಯಾಗಿ ಉಣ್ಣಲಿಲ್ಲ. ಪೂಜೆಗೆ ಕೂತರೆ ಮಂತ್ರವನ್ನು ನಡುವೆಯೇ ನಿಲ್ಲಿಸಿಬಿಡುತ್ತಿದ್ದರು. ತಜ್ಞರಿಗೆ ಮತ್ತೆ ಫೋನು ಮಾಡಿ ಬೇಡಿಕೊಂಡರು. ಪಾಠ ಹೇಳುವ ಗಂಡಸು ಹಾಗೆ ಬೇಡುವುದನ್ನು ನಾನು ನೋಡಿರಲಿಲ್ಲ. ತಜ್ಞರು ಕೊನೆಗೆ ಕರಗಿದರು. ಹೊಸದಾಗಿ ಹಿಡಿದದ್ದು ತನ್ನಿ, ದೊಡ್ಡದು ಚಿಕ್ಕದು ಗಂಡು ಹೆಣ್ಣು ಎಲ್ಲ ಬೇಕು; ಒಂದೇ ಮೀನು ಹಿಡಿದುಕೊಂಡು ಬಂದರೆ ಮುಖವನ್ನೂ ನೋಡುವುದಿಲ್ಲ ಎಂದರು. ಕಾಲೇಜಿನಲ್ಲಿ ಪರೀಕ್ಷೆ, ನನಗೆ ಜ್ವರ, ಹೀಗೆ ಅಡ್ಡಿಯ ಮೇಲೆ ಅಡ್ಡಿ. ಕೊನೆಗೆ ರಜೆ ಸಿಕ್ಕಿ ನಾವು ಹೊರಟದ್ದು ಆ ಬೆಳಿಗ್ಗೆ, ಒಗೆಯುವ ಕಲ್ಲು ತೊಳೆದು ಬೀಗ ಹಾಕಿದ ಬೆಳಿಗ್ಗೆ.

ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು ಫಾರ್ಮಲಿನ್ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಒಂದು ಹದ ಮಳೆ ಬಿದ್ದು ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು, ದಾರಿಯುದ್ದಕ್ಕೂ ಘಮ. ಮುಂದಿನ ಸೀಟಿನ ಹೆಂಗಸು ತಿರುಗಿ, "ಎಂಥದ್ರೀ ಅದು ಕೆಟ್ಟ ವಾಸ್ನೆ, ಹೂವಿನ ವಾಸ್ನೇನೂ ಕೊಂದ್ಬುಟ್ತಲ್ಲ" ಎಂದಳು. "ಔಷಧಿ ಕಣಮ್ಮ" ಎಂದೆ. "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. 

ಬಸ್ಸಿಳಿದು ಕಾಡಿನ ದಾರಿ ಹಿಡಿದಾಗಲೇ ಏನೋ ಬದಲಾಗಿದೆ ಅನಿಸಿತು. ಕಾಲುದಾರಿ ಲಾರಿ ಹೋಗುವಷ್ಟು ಅಗಲವಾಗಿತ್ತು. ಎರಡೂ ಕಡೆಯ ಎಲೆಗಳ ಮೇಲೆ ಬಿಳಿಯ ಧೂಳು. ಇವರು ಮುಂದೆ ಮುಂದೆ ಹೋಗುತ್ತಿದ್ದರು. ಹಳ್ಳದ ಸದ್ದು ಕೇಳುವ ತಿರುವಿನಲ್ಲಿ ಒಂದು ಗಿಡಕ್ಕೆ ಕೆಂಪು ಬಾವುಟ ಕಟ್ಟಿತ್ತು. ಹಸಿರೆಲೆಗಳ ನಡುವಿನ ಆ ಕೆಂಪು ಇವರಿಗೆ ಕಾಣಲಿಲ್ಲ; ದಾಟಿ ನಡೆದರು. ನಾನು ಓಡಿಹೋಗಿ ತೋಳು ಹಿಡಿದೆಳೆದೆ. ಅಷ್ಟರಲ್ಲಿ ಆಚೆಯಿಂದ ಹೆಲ್ಮೆಟ್ ಹಾಕಿದ ಸೂಪರ್‌ವೈಸರ್ ಒಬ್ಬ ಕೈ ಬೀಸುತ್ತ ಓಡಿಬಂದ.

"ಏನ್ ಸಾರ್, ಬಾವುಟ ಕಾಣಲ್ವಾ? ಬಂಡೆಗೆ ಮದ್ದು ಇಟ್ಟೀವಿ. ಮಧ್ಯಾಹ್ನದ ಮೇಲೆ ಸಿಡಿಸ್ತೀವಿ. ಹೊಂಟೋಗಿ."

"ಅಷ್ಟರೊಳಗೆ ಹೋಗ್ತೀವಪ್ಪ. ಅಬ್ಬಿ ಕೆಳಗೆ ಒಂಚೂರು ಮೀನು ಹಿಡೀಬೇಕು" ಎಂದರು ಇವರು.

ಅವನು ನಮ್ಮಿಬ್ಬರನ್ನೂ, ಇವರ ಹಣೆಯ ವಿಭೂತಿಯನ್ನೂ, ನನ್ನ ಕೈಯ ಸೊಳ್ಳೆಪರದೆಯನ್ನೂ ನೋಡಿದ. "ಮೀನಾ? ಇಷ್ಟ್ ದೂರ ಬಂದ್ರಾ ಮಾರಾಯ್ರೇ ಮೀನಿಗೆ? ಪೇಟೇಲಿ ಮಂಗಳೂರ್ ಮೀನು ಬರಲ್ವಾ?" ಎಂದ. ಆಮೇಲೆ ಇವರ ಮುಖ ನೋಡಿ ಏನನ್ನಿಸಿತೋ, "ಬೇಗ ನೋಡ್ಕಂಡ್ ಬಂದ್ಬುಡಿ. ಸೀಟಿ ಊದಿದ್ರೆ ಓಡಿ" ಎಂದು ದಾರಿ ಬಿಟ್ಟ.

ಹಳ್ಳದಲ್ಲಿ ನೀರಿತ್ತು. ಆದರೆ ಅಕ್ಕಿ ತೊಳೆದ ನೀರಿನ ಹಾಗಿತ್ತು. ಬಂಡೆ ಒಡೆದ ಪುಡಿ, ಸಿಮೆಂಟು ಎಲ್ಲ ಸೇರಿ ಮಡುವಿನ ತಳ ಕಾಣುತ್ತಿರಲಿಲ್ಲ. ಅಬ್ಬಿಯ ಮಗ್ಗುಲು ಕಚ್ಚಿ ತಿಂದ ಹಾಗೆ ಕಿತ್ತುಹೋಗಿತ್ತು. ಇವರು ಚಪ್ಪಲಿ ಸಹಿತ ನೀರಿಗಿಳಿದು ಬಲೆ ಹಾಕಿದರು. ಎತ್ತಿದರೆ ಕೊಳೆತ ಎಲೆ. ಮತ್ತೆ ಹಾಕಿದರು. ಎಲೆ, ಜಲ್ಲಿ, ಒಂದು ಬೀಡಿಕಟ್ಟಿನ ಕಾಗದ. ಒಂದು ಮಡುವಿನಿಂದ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ. ನಾನೂ ಸೀರೆ ಎತ್ತಿಕಟ್ಟಿ ಇಳಿದೆ. ಕಲ್ಲಿನ ಸಂದಿಗಳಲ್ಲಿ ಕೈ ಹಾಕಿ ತಡಕಿದೆವು. ಒಂದು ಏಡಿ ನನ್ನ ಬೆರಳು ಕಚ್ಚಿತು. ಏಡಿಯಾದರೂ ಇದೆಯಲ್ಲ ಎಂದು ಸಂತೋಷವಾಯಿತು ನನಗೆ!  ಇವರು ಬಲೆ ಎತ್ತಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಏನಾದರೂ ಬಣ್ಣ ಕಂಡಿತೇ ಎಂದು. ನಾನು ತಲೆಯಾಡಿಸುತ್ತಿದ್ದೆ. ಬರಬರುತ್ತ ಅವರು ನನ್ನ ಮುಖ ನೋಡುವುದನ್ನು ಬಿಟ್ಟರು. ಅದರಿಂದ ನನಗೆ ಏಡಿ ಕಚ್ಚಿದ್ದಕ್ಕಿಂತ ಹೆಚ್ಚು ನೋವಾಯಿತು.

ಸಿಕ್ಕಿದ್ದು ಹಳ್ಳದಲ್ಲಲ್ಲ. ದಡದ ಬಂಡೆಯ ಮೇಲೊಂದು ಒರಳಿನಂಥ ಗುಂಡಿ. ಹಿಂದಿನ ಮಳೆಗೆ ಹಳ್ಳ ಉಕ್ಕಿ ಬಂದ ನೀರು ಅಲ್ಲಿ ತಿಳಿಯಾಗಿ ಉಳಿದಿತ್ತು. ನಾನು ಸುಸ್ತಾಗಿ ಕೂತಾಗ ಅದರೊಳಗೆ ಏನೋ ಮಿಸುಕಿತು. ಸೊಳ್ಳೆಪರದೆಯ ಬಲೆಯೂ ಬೇಕಾಗಲಿಲ್ಲ, ಬೊಗಸೆಯಲ್ಲೇ ಎತ್ತಿ ಬಾಟಲಿಗೆ ಬಿಟ್ಟೆ. ದಾರದ ಪೆಟ್ಟಿಗೆ ತೆರೆದು ಎಳೆಗಳನ್ನು ಗಾಜಿಗೆ ಒತ್ತಿದೆ.

"ಕನಕಾಂಬರ ಇದೆಯಾ?" ಇವರು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು.

"ಇದೆ."

"ನೀಲಿ?"

"ಇದೆ."

"ಕುಂಕುಮ?"

"ಅದೂ ಇದೆ ರೀ."

ಅವರು ಫಾರ್ಮಲಿನ್ ಬಾಟಲಿಯ ಮುಚ್ಚಳ ಬಿಚ್ಚಿದರು. ಕಾಫಿ ಹೂವಿನ ಗಾಳಿಯಲ್ಲಿ ಆ ಘಾಟು ಹರಡಿತು. ಮೀನು ಗಾಜಿನ ಗೋಡೆಗೆ ಬಾಯಿ ತಾಗಿಸಿ ತಾಗಿಸಿ ಸುತ್ತುತ್ತಿತ್ತು. ಇವರು ಅದನ್ನೇ ನೋಡುತ್ತ ಕೂತರು. ಮೇಲಿನಿಂದ ಸೀಟಿ ಕೇಳಿಸಿತು.

"ಒಂದರಿಂದ ಏನೂ ಆಗಲ್ಲ ವಿಮಲಾ" ಎಂದರು. "ಕೊಂದಿದ್ದಷ್ಟೇ ಆಗುತ್ತೆ."

ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಮೀನಿದ್ದ ಗಾಜಿನ ಬಾಟಲಿಯನ್ನು ತಾವೇ ಎತ್ತಿಕೊಂಡು ಎಲ್ಲಕ್ಕಿಂತ ಆಳವಿದ್ದ ಮಡುವಿನ ಅಂಚಿಗೆ ಹೋಗಿ ನಿಧಾನವಾಗಿ ಬಗ್ಗಿಸಿದರು. ಆ ಬಿಳಿನೀರಿನಲ್ಲಿ ಕನಕಾಂಬರ ಒಂದು ಗಳಿಗೆ ಕಂಡಿತು.

"ಹೋಯ್ತಾ?" ಎಂದು ನನ್ನನ್ನು ಕೇಳಿದರು.

"ಹೋಯ್ತು" ಎಂದೆ.

ತಿರುವು ದಾಟುವಾಗ ಹಿಂದಿನಿಂದ ನೆಲ ನಡುಗಿತು. ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ನಾವಿಬ್ಬರೂ ತಿರುಗಿ ನೋಡಲಿಲ್ಲ. ಬುತ್ತಿಯ ನೆನಪೂ ಬರಲಿಲ್ಲ. ಬಸ್ಸಿನಲ್ಲಿ ಇವರು ಇದ್ದಕ್ಕಿದ್ದಂತೆ, "ಎಲ್ಲಾ ಎಲ್ಲಿ ಹೋದ್ವು ಹೇಳು? ಇಡೀ ಗುಂಪು ಗುಂಪೇ ಇತ್ತಲ್ಲೇ. ಸತ್ತಿದ್ರೆ ಸತ್ತ ಮೀನಾದ್ರೂ ತೇಲಬೇಕಿತ್ತು. ಒಂದು ಹುರುಪೆ ಕೂಡ ಇಲ್ಲ" ಎಂದರು. ಸತ್ತ ಮೀನಾದರೂ ಸಾಕಿತ್ತು ಅವರಿಗೆ. ಹೊಸದಾಗಿ ಸತ್ತದ್ದಾದರೆ ಹುರುಪೆ ಎಣಿಸಬಹುದು, ಬಣ್ಣವೂ ಒಂದಿಷ್ಟು ಉಳಿದಿರುತ್ತದೆ. ಸಕಲೇಶಪುರ ಬರುವವರೆಗೂ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದರು.

ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಇವರು ಕಾಲು ತೊಳೆಯಲು ಬಚ್ಚಲಿಗೆ ಹೋದರು. ನಾನು ಒದ್ದೆ ಬಲೆಯನ್ನು ಹಿತ್ತಲ ತಂತಿಗೆ ಹರವುತ್ತಿದ್ದೆ. ಸುಶೀಲಾ ಮಲ್ಲಿಗೆ ಮೊಗ್ಗು ಬಿಡಿಸುತ್ತ ಬೇಲಿಯ ಹತ್ತಿರ ನಿಂತಿದ್ದಳು.

"ಎಲ್ಲಿಗ್ ಹೋಗಿದ್ರಿ ವಿಮಲಕ್ಕ ಜೋಡಿಯಾಗಿ? ಸೀರೆಯೆಲ್ಲ ಕೆಸರು."

ಇನ್ನು ಮುಚ್ಚಿಡುವುದು ಏನಿತ್ತು? "ಹೆಗ್ಗದ್ದೆ ಆಚೆ, ಬಸರಿಹಳ್ಳಕ್ಕೆ" ಎಂದೆ.

"ಅಯ್ಯೋ! ನಮ್ ತವ್ರುಮನೆ ಗದ್ದೆಗೆ ಬರೋದು ಅದೇ ಹಳ್ಳದ ನೀರು ಕಣ್ರೀ. ಮೊನ್ನೆ ಅಲ್ಲಿ ಬಂಡೆ ಸಿಡಿಸಿದ್ರಂತಲ್ಲ, ಮೀನೆಲ್ಲಾ ಹೊಟ್ಟೆ ಮೇಲೆ ಮಾಡ್ಕಂಡು ತೇಲ್ಬುಟ್ವಂತೆ. ಊರೋರೆಲ್ಲಾ ಬುಟ್ಟಿ ಬುಟ್ಟಿ ಬಳ್ಕಂಡ್ರಂತೆ. ನಮ್ ತಮ್ಮನೂ ನೆನ್ನೆ ಒಂದ್ ಚೀಲ ತಂದ್ಕೊಟ್ಟು ಹೋದ."

ನನ್ನ ಕೈಯಲ್ಲಿ ಬಲೆಯ ಅಂಚು ಹಾಗೇ ನಿಂತಿತು. "ಎಂಥ ಮೀನು ಸುಶೀಲಾ?"

"ಬೆರಳುದ್ದದವು. ನೋಡಾಕ್ ಚೆಂದ, ಬಾಲದ ಬುಡದಾಗೆ ಕುಂಕುಮ ಇಟ್ಟಂಗೆ. ಮುಳ್ಳು ಜಾಸ್ತಿ. ಅದ್ಕೇ ಗರಿಗರಿ ಹುರ್ದುಬುಟ್ಟೆ."

"ಒಂದಾದರೂ ಉಳಿದಿದೆಯೇನೇ?"

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

"ಎಲ್ಲುಳೀತದೆ, ಮುಳ್ಳೂ ಬೆಕ್ಕಿಗೆ ಹಾಕ್ದೆ" ಎಂದು ಸುಶೀಲಾ ಮೊಗ್ಗುಗಳನ್ನು ಸೆರಗಿಗೆ ಸುರಿದುಕೊಂಡು ಒಳಗೆ ಹೊರಟವಳು, ಮೆಟ್ಟಿಲ ಮೇಲೆ ತಿರುಗಿ ನಕ್ಕಳು. "ನಿಮಗ್ಯಾಕ್ರೀ ಅದು? ನಿಮ್ಮನೇದು ಓದೋ ಮೀನು, ಇದು ತಿನ್ನೋ ಮೀನಲ್ವಾ."